ಮೂಲೆಯಲ್ಲೊಂದು ಸಹಿ

ಹಳೆಯ ಪತ್ರಿಕೆ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಸಂಪಾದಕೀಯವನ್ನಲ್ಲ, ಕತೆಯನ್ನೂ ಅಲ್ಲ. ಚಿತ್ರದ ಕೆಳಗಿನ ಮೂಲೆಯನ್ನು. ಅಲ್ಲಿ ಇರುವೆಯಷ್ಟು ಸಣ್ಣದಾಗಿ ಒಂದು ಸಹಿ ಇರುತ್ತದೆ. ಕೆಲವೊಮ್ಮೆ ಎರಡೇ ಅಕ್ಷರ, ಕೆಲವೊಮ್ಮೆ ಬರೀ ಒಂದು ಸುಳಿ. ಕತೆ ಬರೆದವರ ಹೆಸರು ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂತಿದ್ದರೆ, ಕತೆಯ ನಾಯಕಿಗೆ ಮೂಗು, ಮುಡಿ, ಸೆರಗು ಕೊಟ್ಟವನು ಅವಳ ಕಾಲ ಬಳಿ ಮುದುಡಿಕೊಂಡಿರುತ್ತಾನೆ. ಬಸವನಗುಡಿಯ ನಮ್ಮ ಮನೆಯಲ್ಲಿ ಎರಡು ಬೀರುಗಳ ತುಂಬ ಇಂಥ ಮೂಲೆಗಳಿವೆ. ಮನೆಯವರು ಇದನ್ನು ಸಂಗ್ರಹ ಅನ್ನುವುದಿಲ್ಲ, ‘ನಿಮ್ಮ ರದ್ದಿ’ ಅನ್ನುತ್ತಾರೆ. ಬೆಲೆಯ ಲೆಕ್ಕದಲ್ಲಿ ಅವರ ಮಾತೇ ಸರಿ. ಬಹುಪಾಲು ಕೆ.ಜಿ. ದರಕ್ಕೇ ಬಂದದ್ದು.

ಈ ರದ್ದಿಯಲ್ಲಿ ಪಟ್ಟದ ಜಾಗ ‘ಕೊರವಂಜಿ’ಗೆ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಈ ನಗೆಮಾಸಿಕ ಶುರುಮಾಡಿದರು. ಅತ್ತ ಮಹಾಯುದ್ಧ, ಇತ್ತ ಕ್ವಿಟ್ ಇಂಡಿಯಾ, ಪೇಟೆಯಲ್ಲಿ ಕಾಗದಕ್ಕೆ ಬರ. ಅಂಥ ವರ್ಷದಲ್ಲಿ ಒಬ್ಬ ವೈದ್ಯರಿಗೆ ನಗೆಪತ್ರಿಕೆ ಮಾಡಬೇಕು ಅನ್ನಿಸಿತಲ್ಲ, ಅದಕ್ಕಿಂತ ದೊಡ್ಡ ತಮಾಷೆ ಪತ್ರಿಕೆಯ ಒಳಗೂ ಇರಲಾರದು. 1967ರವರೆಗೆ, ಇಪ್ಪತ್ತೈದು ವರ್ಷ, ಅದನ್ನು ನಡೆಸಿದರು. ನಾ. ಕಸ್ತೂರಿ ಬರೆದರು, ಟಿ. ಸುನಂದಮ್ಮ ಬರೆದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಚಿತ್ರ ಬರೆದುಕೊಟ್ಟ. ಹೆಸರು ಆರ್.ಕೆ. ಲಕ್ಷ್ಮಣ್.

‘ಟೈಮ್ಸ್ ಆಫ್ ಇಂಡಿಯಾ’ದ ಲಕ್ಷ್ಮಣರನ್ನು, ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ದೇಶವೇ ಬಲ್ಲದು. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆಯ ಜೊತೆ ಬರುತ್ತಿದ್ದ ಅವರ ಚಿತ್ರಗಳನ್ನೂ 1986–87ರಲ್ಲಿ ದೂರದರ್ಶನದ ಮುಂದೆ ಕೂತವರು ಯಾರೂ ಮರೆತಿಲ್ಲ. ನನ್ನ ಆಸೆ ಮಾತ್ರ ಅದಕ್ಕಿಂತ ಹಿಂದಿನ ಲಕ್ಷ್ಮಣರ ಮೇಲೆ. ಮುಂಬಯಿಯ ಜೆ.ಜೆ. ಕಲಾಶಾಲೆ ‘ನಿನಗೆ ಸಾಕಷ್ಟು ಪ್ರತಿಭೆಯಿಲ್ಲ’ ಎಂದು ಸೀಟು ನಿರಾಕರಿಸಿತ್ತು. ಕೈ ಮಾತ್ರ ಸುಮ್ಮನಿರಲಿಲ್ಲ. ಡೇವಿಡ್ ಲೋ ಎಂಬ ಬ್ರಿಟಿಷ್ ಪತ್ರಿಕೆಗಳ ವ್ಯಂಗ್ಯಚಿತ್ರಕಾರನ ಚಿತ್ರಗಳನ್ನು ‘ಹಿಂದೂ’ವಿನಲ್ಲಿ ನೋಡಿ ನೋಡಿ ಬೆಳೆದವರು ಅವರು. ಲೋ ಸಹಿಯನ್ನು ಬಹಳ ಕಾಲ ‘ಕೌ’ ಎಂದೇ ಓದಿಕೊಂಡಿದ್ದರಂತೆ. ಮೂಲೆಯ ಸಹಿ ನೋಡುವ ಚಟ ಲಕ್ಷ್ಮಣರಿಗೂ ಇತ್ತು ಎಂದು ತಿಳಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಈ ಚಿತ್ರಗಳ ವಿಷಯದಲ್ಲಿ ನಾನು ಕಂಡುಕೊಂಡದ್ದು ಒಂದೇ: ಜೋಕು ಬೇಗ ಹಳಸುತ್ತದೆ, ಗೆರೆ ಹಳಸುವುದಿಲ್ಲ. ರೇಷನ್ ಕಾಲದ ಒಂದು ನಗೆಚಿತ್ರವನ್ನು ಅಣ್ಣನ ಮಗಳಿಗೆ ತೋರಿಸಿದೆ. ‘ಚಿಕ್ಕಪ್ಪಾ, ಇದ್ರಲ್ಲಿ ನಗೋದು ಎಲ್ಲಿ?’ ಅಂದಳು. ಅಳತೆಯ ಅಕ್ಕಿ, ಕಾರ್ಡು, ಕ್ಯೂ, ಕಾಳಸಂತೆ ಎಲ್ಲವನ್ನೂ ವಿವರಿಸುವ ಹೊತ್ತಿಗೆ ಜೋಕಿನ ತಿಥಿಯೇ ಆಗಿಹೋಯಿತು. ಆಮೇಲೆ ಅವಳೇ ಚಿತ್ರವನ್ನು ಹತ್ತಿರ ಹಿಡಿದು ನೋಡಿ ಕಿಸಕ್ಕೆಂದಳು. ಕ್ಯೂನ ಕೊನೆಯಲ್ಲಿ ನಿಂತ ಡೊಳ್ಳುಹೊಟ್ಟೆಯ ಯಜಮಾನರು ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದರು; ತಾನು ಅಕ್ಕಿಗೆ ಬಂದವನಲ್ಲ, ಸುಮ್ಮನೆ ಗಾಳಿಗೆ ನಿಂತವನು ಎಂಬ ಮುಖ. ಅಷ್ಟನ್ನೂ ಹೇಳಿದ್ದು ಹುಬ್ಬಿನ ಎರಡು ಗೆರೆ. ಅಡಿಬರಹದಲ್ಲಿ ಅದರ ಸುದ್ದಿಯೇ ಇಲ್ಲ.

ಗೆರೆಗೆ ಆ ಶಕ್ತಿ ಬರಬೇಕಾದರೆ ಅದು ಬ್ಲಾಕಿನ ಬಾಗಿಲು ದಾಟಬೇಕಿತ್ತು. ಆಫ್‌ಸೆಟ್ ಬರುವ ಮುಂಚಿನ ಮಾತು ಇದು. ಕಲಾವಿದರು ಇಂಡಿಯನ್ ಇಂಕಿನಲ್ಲಿ, ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ ಬರೆಯುತ್ತಿದ್ದರು. ಬ್ಲಾಕ್ ಮಾಡುವವರು ಅದರ ಫೋಟೋ ತೆಗೆದು, ಕಿರಿದುಗೊಳಿಸಿ, ನೆಗೆಟಿವ್ ಮೂಲಕ ಸತುವಿನ ತಗಡಿನ ಮೇಲೆ ಬೆಳಕು ಬಿಟ್ಟು, ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಇಳಿಸುತ್ತಿದ್ದರು. ಗೆರೆಯಿಲ್ಲದ ಕಡೆಯೆಲ್ಲ ಆಮ್ಲ ತಿಂದು, ಗೆರೆಯಷ್ಟೇ ಉಬ್ಬಾಗಿ ಉಳಿಯುತ್ತಿತ್ತು. ಅದನ್ನು ಮರದ ತುಂಡಿನ ಮೇಲೆ ಕೂರಿಸಿ ಅಚ್ಚುಮೊಳೆಗಳ ಎತ್ತರಕ್ಕೆ ಸರಿಮಾಡಿದರೆ ಬ್ಲಾಕು ಸಿದ್ಧ. ಕೂಲಿ ಚದರ ಇಂಚಿನ ಲೆಕ್ಕ. ಹಳೆಯ ಕನ್ನಡ ಪತ್ರಿಕೆಗಳ ಚಿತ್ರಗಳು ಏಕೆ ಅಷ್ಟು ಪುಟ್ಟವು ಎಂದು ಕೇಳುವವರಿಗೆ ಅರ್ಧ ಉತ್ತರ ಆ ಲೆಕ್ಕದಲ್ಲಿದೆ.

ಲೈನ್ ಬ್ಲಾಕಿಗೆ ಕಪ್ಪು ಗೊತ್ತು, ಬಿಳಿ ಗೊತ್ತು, ಬೂದು ಗೊತ್ತಿಲ್ಲ. ಸಂಜೆಗತ್ತಲು ಬೇಕೆಂದರೆ ಗೆರೆಯ ಪಕ್ಕ ಗೆರೆ, ಗೆರೆಯ ಮೇಲೆ ಅಡ್ಡಗೆರೆ ಎಳೆದೇ ತರಬೇಕು. ಹೆಚ್ಚು ಒತ್ತಾಗಿ ಎಳೆದರೆ ಅಗ್ಗದ ಕಾಗದದ ಮೇಲೆ ಶಾಯಿ ಹಬ್ಬಿ, ಸಂಜೆ ಹೋಗಿ ಅಮಾವಾಸ್ಯೆ ಆಗುತ್ತಿತ್ತು. ಹಾಫ್‌ಟೋನ್ ಬ್ಲಾಕಿನಲ್ಲಿ ಚುಕ್ಕಿಗಳಿಂದ ಬೂದು ಬರುತ್ತಿತ್ತು, ನಿಜ. ಆದರೆ ಒರಟು ನ್ಯೂಸ್‌ಪ್ರಿಂಟಿಗೆ ಚುಕ್ಕಿಗಳೂ ಒರಟಾಗಿಯೇ ಇರಬೇಕು, ಮುಖಕ್ಕೆ ಸಿಡುಬು ಬಂದಂತೆ ಕಾಣುತ್ತಿತ್ತು. ಹಾಗಾಗಿ ಬಲ್ಲವರು ಕಡಿಮೆ ಗೆರೆಯಲ್ಲಿ ಹೆಚ್ಚು ಹೇಳುವುದನ್ನು ಕಲಿತರು. ಕಂಬ ಬರೆದರೆ ಜಗಲಿ, ಕೊಡೆಯ ಹಿಡಿ ಬರೆದರೆ ಮೇಷ್ಟರು, ಎರಡು ಅಡ್ಡಪಟ್ಟಿ ಬರೆದರೆ ಮಲ್ಲೇಶ್ವರದ ಹೆಂಚಿನ ಮನೆಯ ಮರದ ಜಾಲಂದ್ರ. ಬಡತನ ಕಲಿಸಿದ ವಿದ್ಯೆ ಎನ್ನಲು ನನಗೆ ಸಂಕೋಚವಿಲ್ಲ. ಈಗ ಕಂಪ್ಯೂಟರಿನಲ್ಲಿ ಸಾವಿರ ಬಣ್ಣ ಸಿಗುವ ಕಾಲದ ಎಷ್ಟೋ ಕಥಾಚಿತ್ರಗಳಲ್ಲಿ ಕೊಡೆಯೂ ಕಾಣುವುದಿಲ್ಲ, ಮೇಷ್ಟರೂ ಕಾಣುವುದಿಲ್ಲ.

ಅಂಥ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸಿ ನೋಡಿ. ಬ್ಲಾಕು ಒತ್ತಿದ ಉಬ್ಬು ಸಿಗುತ್ತದೆ. ಗಣಕದ ತೆರೆಯ ಮೇಲೆ ಈಗ ‘ಕೊರವಂಜಿ’ಯ ಹಳೆಯ ಸಂಚಿಕೆಗಳು ನೋಡಸಿಗುತ್ತವೆ, ಒಳ್ಳೆಯದೇ ಆಯಿತು, ಆದರೆ ಆ ಉಬ್ಬು ಅಲ್ಲಿಲ್ಲ. ಕೈಯಲ್ಲಿ ಕಾಸಿಲ್ಲದ ಪತ್ರಿಕೆಗಳು ಒಂದೇ ಬ್ಲಾಕನ್ನು ಮತ್ತೆ ಮತ್ತೆ ದುಡಿಸಿಕೊಳ್ಳುತ್ತಿದ್ದ ಗುಟ್ಟೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ಹೊರಬೀಳುವುದು. ನನ್ನಲ್ಲಿರುವ ಒಂದು ಮಾಸಿಕದಲ್ಲಿ ಬಾಗಿಲ ಚೌಕಟ್ಟಿಗೆ ಒರಗಿದ ಹೆಂಗಸು ಒಂದು ಕತೆಯಲ್ಲಿ ಗಂಡನ ದಾರಿ ಕಾಯುತ್ತಾಳೆ. ಮುಂದಿನ ವರ್ಷ ಇನ್ನೊಂದು ಕತೆಯಲ್ಲಿ ಬಾಡಿಗೆ ವಸೂಲಿಗೆ ಬಂದ ಮನೆಯೊಡತಿ. ಮುಖಭಾವ ಎರಡಕ್ಕೂ ಒಪ್ಪುತ್ತದೆ!

ಪೇಟೆಯಲ್ಲಿ ‘ಚಂದಮಾಮ’ಕ್ಕೆ ಭಾರಿ ಬೆಲೆ. ಕನ್ನಡದಲ್ಲಿ 1949ರಿಂದ ಬಂತು. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳು, ಶಂಕರ್ ಬರೆದ ವಿಕ್ರಮ-ಬೇತಾಳ ಇವನ್ನು ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುವವರಿದ್ದಾರೆ. ಚೆಲುವೇನೋ ಚೆಲುವೇ. ಆದರೆ ಎಲ್ಲರೂ ಬೆನ್ನುಹತ್ತಿದ್ದರ ಬೆನ್ನು ಹತ್ತಲು ನನಗೆ ಉತ್ಸಾಹವಿಲ್ಲ, ಜೇಬೂ ಇಲ್ಲ.

ನನ್ನ ಬೀರುವಿನ ನಿಜವಾದ ಒಡವೆ ಬೇರೆಯೇ ಇದೆ. ಚಾಮರಾಜಪೇಟೆಯ ಹಳೆಯ ಮನೆಯೊಂದನ್ನು ಕೆಡವುವ ಮುಂಚೆ ಅಟ್ಟ ಖಾಲಿ ಮಾಡುತ್ತಿದ್ದಾರೆಂದು ಗೊತ್ತಾಗಿ ಹೋಗಿದ್ದೆ. ಮನೆಯ ಹಿರಿಯಾಕೆ ಒಂದು ಗಂಟನ್ನು ಮಾತ್ರ ರದ್ದಿಯವನ ತಕ್ಕಡಿಗೆ ಬಿಡದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಗಳ ಹಾಳೆಗಳನ್ನು ವಾರವಾರ ಕತ್ತರಿಸಿ, ಹಾಸಿಗೆಯ ಕೆಳಗೆ ಇಟ್ಟು ಮಟ್ಟಸ ಮಾಡಿ, ಕಾದಂಬರಿ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿದ್ದ ಪುಸ್ತಕಗಳು. ‘ಸುಧಾ’ 1965ರ ಜನವರಿಯಲ್ಲಿ ಶುರುವಾಯಿತಲ್ಲ, ಆ ಕಾಲದಿಂದ ಹಿಡಿದು ಒಂದು ತಲೆಮಾರು ಹೆಂಗಸರು ನಮ್ಮೂರಲ್ಲಿ ಈ ಕೆಲಸ ಮಾಡಿದರು.

‘ಕಾದಂಬರಿ ಪುಸ್ತಕವಾಗಿ ಬಂದಿರುತ್ತಲ್ಲ ಅಮ್ಮಾ, ಇದನ್ನ್ಯಾಕೆ ಹೊಲಿದಿಟ್ಟಿರಿ?’ ಅಂದೆ.

‘ಬಂತಪ್ಪಾ. ಲೈಬ್ರರಿಯಿಂದ ತಂದೂ ನೋಡಿದೆ. ಬೊಂಬೆ ಒಂದೂ ಇಲ್ಲ, ಬೋಳುಬೋಳಾಗಿತ್ತು. ಆ ಹುಡುಗಿ ಮುಖಾನೇ ಇಲ್ದೆ ಹೋದ್ರೆ ಅವಳ ಕಷ್ಟ ಯಾರಿಗೆ ಬೇಕು?’ ಅಂದರು.

ಇಂಥ ವಿಮರ್ಶೆಯನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ. ಪುಸ್ತಕ ಮಾಡುವಾಗ ಪ್ರಕಾಶಕರು ಚಿತ್ರ ಕೈಬಿಟ್ಟರು. ಗ್ರಂಥಾಲಯಗಳು ಬೈಂಡ್ ಮಾಡಿಸುವಾಗ ಎಷ್ಟೋ ಕಡೆ ಮುಖಪುಟ, ಜಾಹೀರಾತಿನ ಪುಟಗಳನ್ನು ಕಿತ್ತು ಹಾಕಿದರು. ಬ್ಲಾಕುಗಳು ಹಳೆ ಸತುವಾಗಿ ಗುಜರಿ ಸೇರಿದವು. ಕತೆಯನ್ನೂ ಚಿತ್ರವನ್ನೂ ಅಗಲಿಸದೆ ಕಾಪಾಡಿದ್ದು ಅಡುಗೆ ಮುಗಿಸಿ ಮಧ್ಯಾಹ್ನ ದಾರ ಪೋಣಿಸಿದ ಈ ಕೈಗಳು. ಆ ಹೊಲಿಗೆಗಳಲ್ಲಿ ಜಿ.ಕೆ. ಸತ್ಯ ಇದ್ದಾರೆ, ಪುತ್ತೂರಿನಿಂದ ಬಂದು ಕೆನ್ ಕಲಾಶಾಲೆಯಲ್ಲಿ ಹಡಪದ್ ಮೇಷ್ಟರ ಬಳಿ ಕಲಿತ ಚಂದ್ರನಾಥ ಆಚಾರ್ಯ ಇದ್ದಾರೆ. ಚಂದ್ರನಾಥರ ಚಿತ್ರಗಳಲ್ಲಿ ಕತೆಯ ಸನ್ನಿವೇಶಕ್ಕಿಂತ ಅದರ ಹಿಂದಿನ ಭಯವೋ ಆಸೆಯೋ ಎದ್ದು ಬರುತ್ತದೆ; ಕತೆ ಸಾಧಾರಣವಾದರೂ ಚಿತ್ರ ನೋಡಿ ಅದು ದೊಡ್ಡ ಕತೆಯಿರಬೇಕು ಎಂದು ನಂಬಿಬಿಡುತ್ತೇವೆ. ಸಹಿಯೇ ಇಲ್ಲದವರೂ ಇದ್ದಾರೆ. ಒಬ್ಬರ ನಾಯಕಿಗೆ ಆರನೆಯ ಕಂತಿನಲ್ಲಿ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹಾರಿದೆ. ಹಿರಿಯಾಕೆ ಅಲ್ಲಿ ಪೆನ್ಸಿಲಿನಿಂದ ಸಣ್ಣ ಪ್ರಶ್ನೆಚಿಹ್ನೆ ಹಾಕಿ, ಎಡಗೆನ್ನೆಯ ಮೇಲೆ ತಾವೇ ಒಂದು ಮಚ್ಚೆ ಇಟ್ಟಿದ್ದರು. ನಾನು ಅದನ್ನು ಅಳಿಸಿಲ್ಲ.

ಬಿ.ಜಿ.ಎಲ್. ಸ್ವಾಮಿಯವರದು ಇನ್ನೊಂದು ಜಾತಿಯ ಕೈ. ಡಿ.ವಿ.ಜಿ.ಯವರ ಮಗ, ಸಸ್ಯವಿಜ್ಞಾನಿ. ‘ಹಸುರು ಹೊನ್ನು’ವಿಗೆ ಚಿತ್ರಗಳನ್ನು ತಾವೇ ಬರೆದುಕೊಂಡರು. ಎಲೆಯ ನರಕ್ಕೂ ಹೂವಿನ ದಳಕ್ಕೂ ಅಷ್ಟು ವಿಧೇಯವಾಗಿದ್ದ ಲೇಖನಿ ಮನುಷ್ಯರ ಮುಂದೆ ಬಂದ ಕೂಡಲೇ ಕೀಟಲೆಗೆ ಇಳಿಯುತ್ತದೆ. ಡಿ.ವಿ.ಜಿ. ರಸ್ತೆಯಲ್ಲಿ ಓಡಾಡುವಾಗ ತಂದೆಯ ಹೆಸರಿಗಿಂತ ಮಗನ ಆ ಗೆರೆಗಳೇ ನನಗೆ ಮೊದಲು ನೆನಪಾಗುತ್ತವೆ.

ದಿನಪತ್ರಿಕೆಯ ವ್ಯಂಗ್ಯಚಿತ್ರಗಳ ಪಾಡು ಎಲ್ಲಕ್ಕಿಂತ ಕಷ್ಟ. ‘ಡೆಕ್ಕನ್ ಹೆರಾಲ್ಡ್’ನಲ್ಲಿ ಬಿ.ವಿ. ರಾಮಮೂರ್ತಿಯವರ ಮಿಸ್ಟರ್ ಸಿಟಿಜನ್ ಎಷ್ಟೋ ಮನೆಗಳ ಬೆಳಗಿನ ಕಾಫಿಗೆ ಜೊತೆಯಾಗಿದ್ದ. ಸಂಜೆಗೆ ಅವನೇ ಬೋಂಡದ ಎಣ್ಣೆ ಹೀರುತ್ತಿದ್ದ. ನ್ಯೂಸ್‌ಪ್ರಿಂಟು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಬೆಂಗಳೂರಿನಲ್ಲೇ ದುಡಿದ ಮಾಯಾ ಕಾಮತರ ಚಿತ್ರಗಳು ಮುಂಬಯಿಯ ‘ಸ್ಪ್ಯಾರೋ’ ಸಂಗ್ರಹದಲ್ಲಿ ನೆಲೆ ಕಂಡವು. ಎಂ.ಜಿ. ರಸ್ತೆಯ ಪಕ್ಕದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯೂ ಇದೆ. ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಕಡಿಮೆ. ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ನನ್ನ ಬುದ್ಧಿವಾದ ಚಿಕ್ಕದು: ತುಕ್ಕು ಹಿಡಿದ ಪಿನ್ನು ತೆಗೆಯಿರಿ, ಸೆಲ್ಲೋಟೇಪು ಮುಟ್ಟಬೇಡಿ, ಲ್ಯಾಮಿನೇಷನ್ ಮಾಡಿಸುತ್ತೇನೆ ಎನ್ನುವ ನೆಂಟರನ್ನು ಬೀರುವಿನ ಹತ್ತಿರ ಬಿಡಬೇಡಿ.

ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿಗೆ ಈಗಲೂ ಹೋಗುತ್ತೇನೆ. ಮೊದಲೆಲ್ಲ ಅಲ್ಲಿನ ಹುಡುಗ ನಾನು ಕೇಳಿದ ಸಂಚಿಕೆಯನ್ನು ಹತ್ತು ರೂಪಾಯಿಗೆ ಎಸೆಯುತ್ತಿದ್ದ. ನಾನು ಓದದೆ ಬರೀ ಮೂಲೆ ನೋಡಿ ಇಡುವುದನ್ನು ಗಮನಿಸಿ ಅವನೂ ವಿದ್ಯೆ ಕಲಿತ. ಮೊನ್ನೆ ಒಂದು ದೀಪಾವಳಿ ವಿಶೇಷಾಂಕ ಎತ್ತಿಕೊಂಡೆ. ಅವನು ನನ್ನ ಕೈಯಿಂದ ತೆಗೆದುಕೊಂಡು ಪುಟ ತಿರುವಿ, ಪ್ರತಿ ಚಿತ್ರದ ಕೆಳಗೂ ಉಗುರಿಟ್ಟು ನೋಡಿ, ಇನ್ನೂರು ಅಂದ.

‘ಏನಪ್ಪಾ ಇದು, ರಟ್ಟೇ ಇಲ್ಲ!’

‘ರಟ್ಟು ಇಲ್ದಿದ್ರೇನು ಸಾರ್, ಸೈನು ಐತಲ್ಲ,’ ಅಂದ. ನೂರೈವತ್ತಕ್ಕೆ ಇಳಿಸಿ ತಂದೆ.