ಊದ್ ಮೇಥಾದಲ್ಲಿ ಒಂದು ಹಾಡಿನ ಭಾನುವಾರ

ಇಲ್ಲಿಯ ಬೇಸಿಗೆ ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿದೆ. ಫ್ರಾನ್ಸ್ ದೇಶದಲ್ಲಿ 1982ರಿಂದ ಪ್ರತಿ ಜೂನ್ 21ಕ್ಕೆ ಸಂಗೀತದ ಹಬ್ಬ. ಬೇಸಿಗೆ ಬಂತು ಅಂತ ಜನ ಖುಷಿಯಿಂದ ರಸ್ತೆಯಲ್ಲೇ ಹಾಡುತ್ತಾರೆ. ನಮ್ಮಲ್ಲಿ ಉಲ್ಟಾ. ಬೇಸಿಗೆಯಲ್ಲಿ ಹಾಡು ಕೇಳಬೇಕಾದರೆ ಎಸಿ ಹಾಲ್ ಒಳಗೆ ಹೋಗಬೇಕು. ಅಂಥ ಒಂದು ಕಾರ್ಯಕ್ರಮಕ್ಕೆ ಮೇ ತಿಂಗಳ ಒಂದು ಭಾನುವಾರ ಅಬುಧಾಬಿಯ ಮುಸಫ್ಫಾದಿಂದ ದುಬೈಗೆ ನಾವು ಆರು ಜನ ಹೋಗಿ ಬಂದೆವು. ರೂಮಿನ ನಾಲ್ವರು, ಅತ್ತಿಗೆ, ಮತ್ತೆ ಏಳು ವರ್ಷದ ಮಗು.

ಅತ್ತಿಗೆ ಅಂದರೆ ನಮ್ಮ ರೂಮಿನ ಹಿರಿಯಣ್ಣನ ಹೆಂಡತಿ. ಊರು ಬೈಂದೂರಿನ ಹತ್ತಿರ. ಸಂಸಾರವನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಸಂಬಳ 4,000 ದಿರ್ಹಮ್ ಇರಬೇಕು, ಇಲ್ಲವೇ 3,000 ಮತ್ತು ವಸತಿ. ಅಣ್ಣನಿಗೆ ಅಷ್ಟಿಲ್ಲ. ಹಾಗಾಗಿ ಶಾಲೆಯ ರಜೆಯಲ್ಲಿ 30 ದಿನದ ವಿಸಿಟ್ ವೀಸಾ ಮಾಡಿಸಿ, ಶಾಬಿಯಾದಲ್ಲಿ ಒಂದು ರೂಮ್ ಹಿಡಿದು ಕರೆಸಿಕೊಂಡಿದ್ದರು. ಮಗು ಅಪ್ಪನನ್ನು ನೋಡಿದ್ದು ಹೆಚ್ಚಾಗಿ ಬೋಟಿಮ್‌ನಲ್ಲೇ. ಬಂದು ಎರಡು ವಾರ ಆದರೂ ಹತ್ತಿರ ಸುಳಿಯಲಿಲ್ಲ. ಏನಾದರೂ ಬೇಕಾದರೆ ತಾಯಿಯ ಕಿವಿಯಲ್ಲಿ ಹೇಳೋದು, ತಾಯಿ ಅದನ್ನು ಅಣ್ಣನಿಗೆ ಹೇಳೋದು. ಅಣ್ಣ ಬೊಂಬೆ ತಂದರು, ಸೈಕಲ್ ತಂದರು, ಕಾರ್ನಿಶ್‌ಗೆ ಕರ್ಕೊಂಡು ಹೋದರು. ಮಗು ಎಲ್ಲ ತಗೊಂಡು ಮತ್ತೆ ತಾಯಿಯ ಹಿಂದೆ ನಿಲ್ಲುತ್ತಿತ್ತು. ಅಣ್ಣ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಹೋಗುವ ದಿನ ಹತ್ತಿರ ಬರ್ತಾ ಇದೆ ಅಂತ ನಮಗೆಲ್ಲ ಗೊತ್ತಿತ್ತು.

ದಾರಿ ಸುಲಭ. ಅಬುಧಾಬಿ ಬಸ್ ನಿಲ್ದಾಣದಿಂದ ಇಬ್ನ್ ಬತೂತಾಗೆ ಇ101 ಬಸ್, ಒಬ್ಬರಿಗೆ 25 ದಿರ್ಹಮ್. ಹೆಚ್ಚುಕಡಿಮೆ ಎರಡು ಗಂಟೆ. ಅಲ್ಲಿಂದ ಮೆಟ್ರೋ ರೆಡ್ ಲೈನ್‌ನಲ್ಲಿ ಬರ್‌ಜುಮಾನ್, ಅಲ್ಲಿ ಇಳಿದು ಗ್ರೀನ್ ಲೈನ್ ಹತ್ತಿದರೆ ಮುಂದಿನ ಸ್ಟೇಷನ್ನೇ ಊದ್ ಮೇಥಾ. ಮೆಟ್ರೋಗೆ ಡ್ರೈವರ್ ಇಲ್ಲ ಅಂತ ಗೊತ್ತಾದಾಗ ಮಗು ದಂಗಾಯಿತು. "ಅಮ್ಮ, ಹಾಂಗಾರೆ ಬಿಡುದ್ ಯಾರ್ ಅಂದ್ ಕೇಣ್" ಅಂದಿತು. ಅಣ್ಣ ಪಕ್ಕದಲ್ಲೇ ನಿಂತಿದ್ದರು!

ಊದ್ ಮೇಥಾದಲ್ಲಿ ಇಂಡಿಯನ್ ಹೈಸ್ಕೂಲ್ ಇದೆ. ಶುರುವಾದದ್ದು 1961ರಲ್ಲಿ. ಅಬುಧಾಬಿಯ ಇಂಡಿಯಾ ಸೋಶಿಯಲ್ ಸೆಂಟರ್ 1967ರದ್ದು. ಈ ದೇಶ ರಚನೆಯಾದದ್ದು 1971ರ ಡಿಸೆಂಬರ್ 2ಕ್ಕೆ. ಅಂದರೆ ನಮ್ಮವರು ಇಲ್ಲಿ ಶಾಲೆ ಕಟ್ಟಿ, ಒಟ್ಟಿಗೆ ಕೂತು ಹಾಡೋಕೆ ಒಂದು ಜಾಗ ಮಾಡಿಕೊಂಡದ್ದು ಅದಕ್ಕಿಂತ ಮೊದಲೇ. ಹೈಸ್ಕೂಲಿನ ಶೇಖ್ ರಶೀದ್ ಆಡಿಟೋರಿಯಂನಲ್ಲಿ ಕನ್ನಡ, ತುಳು ಕಾರ್ಯಕ್ರಮಗಳನ್ನು ನೋಡಿದವರು ನಿಮ್ಮಲ್ಲೂ ಬಹಳ ಜನ ಇರಬಹುದು.

ಆ ದಿನ ಸಂಘದವರ ಸಂಗೀತ ಕಾರ್ಯಕ್ರಮ. ಹಾಡುವವರು ದೊಡ್ಡ ಕಲಾವಿದರಲ್ಲ. ನರ್ಸ್, ಅಕೌಂಟೆಂಟ್, ಎಸಿ ಮೆಕ್ಯಾನಿಕ್, ಮನೆ ನೋಡಿಕೊಳ್ಳುವ ಅಕ್ಕಂದಿರು. ತಬಲಾ ಬಾರಿಸಿದವರು ಡೆಲಿವರಿ ವ್ಯಾನ್ ಓಡಿಸುವವರು. ಮೊದಲಿಗೆ ಎಲ್ಲರೂ ಎದ್ದು ನಿಂತು ನಾಡಗೀತೆ. ವೇದಿಕೆಯಲ್ಲಿ ಇಲ್ಲೇ ಬೆಳೆದ ಮಕ್ಕಳು, ಕೆಲವರ ಕೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಚೀಟಿ. ಉಚ್ಚಾರ ಅಲ್ಲಲ್ಲಿ ತಪ್ಪಿದರೂ ದನಿ ಗಟ್ಟಿಯಾಗಿತ್ತು. ನಮ್ಮ ಮಗು ಚೀಟಿ ಇಲ್ಲದೆ ಪೂರ್ತಿ ಹಾಡಿತು. ದಿನಾ ಬೆಳಿಗ್ಗೆ ಶಾಲೆಯಲ್ಲಿ ಹಾಡುವ ಹಾಡು ತಾನೆ.

ಅಣ್ಣನೂ ಮೆಲ್ಲಗೆ ಹಾಡುತ್ತಿದ್ದರು, ಆದರೆ ತಾನು ಕಲಿತಿದ್ದ ಧಾಟಿಯಲ್ಲಿ. ಕುವೆಂಪು ಅವರ ಈ ಗೀತೆ ನಾಡಗೀತೆ ಆದದ್ದು 2004ರಲ್ಲಿ. ಧಾಟಿ ಯಾವುದು ಅಂತ ಮಾತ್ರ ಬಹಳ ವರ್ಷ ಚರ್ಚೆ ನಡೆಯಿತು. ಸಿ. ಅಶ್ವತ್ಥ್ ಅವರದ್ದೊಂದು, ಮೈಸೂರು ಅನಂತಸ್ವಾಮಿ ಅವರದ್ದೊಂದು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನೇ ಗಟ್ಟಿ ಮಾಡಿತು. ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು. ಆಗ ಅಣ್ಣ ಇಲ್ಲಿದ್ದರು, ಅವರಿಗೆ ಹೇಗೆ ಗೊತ್ತಾಗಬೇಕು?

ಹಾಡು ಮುಗಿದದ್ದೇ ಮಗು ಅಣ್ಣನ ಅಂಗಿ ಜಗ್ಗಿತು. "ಅಪ್ಪಯ್ಯ, ಹಾಂಗಲ್ಲ" ಅಂದಿತು. ತಾಯಿ ಕಿವಿಯಲ್ಲಿ ಅಲ್ಲ, ನೇರ ಅಣ್ಣನ ಮುಖ ನೋಡಿ. ಅಣ್ಣ ಬಗ್ಗಿ "ಮತ್ ಹ್ಯಾಂಗೆ?" ಅಂದರು. ಮಗು ಸಣ್ಣ ದನಿಯಲ್ಲಿ ಒಂದು ಸಾಲು ಹೇಳಿಕೊಟ್ಟಿತು. ಅಣ್ಣ ಹೇಳಿದರು. ಮತ್ತೂ ತಪ್ಪು. ಇನ್ನೊಮ್ಮೆ. ವೇದಿಕೆಯಲ್ಲಿ ಸ್ವಾಗತ ಭಾಷಣ ನಡೀತಾ ಇತ್ತು, ಇವರಿಬ್ಬರದ್ದು ಇಲ್ಲಿ ಪಾಠ. ಅತ್ತಿಗೆ ನಮ್ಮ ಕಡೆ ನೋಡಿ ಕಣ್ಣೊರೆಸಿಕೊಂಡರು. ನಾವು ವೇದಿಕೆ ಕಡೆ ನೋಡಿದೆವು. ಜಾನಪದ ಹಾಡು ಬಂದಾಗ ಮುಂದಿನ ಸಾಲಿನವರೆಲ್ಲ ಎದ್ದು ಕುಣಿಯೋಕೆ ಶುರು ಮಾಡಿದರು. "ಅಪ್ಪಯ್ಯ, ಕಾಂತಿಲ್ಲೆ. ಎತ್ಕೊ" ಅಂತ ಕೇಳಿಸಿತು. ಆಮೇಲೆ ಕಾರ್ಯಕ್ರಮ ಮುಗಿಯುವ ತನಕ ಮಗು ಅಣ್ಣನ ಹೆಗಲಿಂದ ಇಳಿಯಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ನಿದ್ದೆ ಮಾಡಿದ್ದೂ ಅಲ್ಲೇ.

ಮಗು ಈಗ ಊರಲ್ಲಿದೆ, ಎರಡನೇ ಕ್ಲಾಸು. ಫೋನ್ ಮಾಡಿದಾಗ ಮೊದಲಿನ ಹಾಗೆ "ಅಮ್ಮಂಗೆ ಕೊಡ್ತೆ" ಅನ್ನೋದಿಲ್ಲ. ಶಾಲೆಯಲ್ಲಿ ಯಾವ ಪದ್ಯ ಕಲಿಸಿದರು ಅಂತ ಅಣ್ಣ ಕೇಳುತ್ತಾರೆ, ಮಗು ಹೇಳಿಕೊಡುತ್ತದೆ. ನಮಗೂ ನಾಲ್ಕು ಪದ್ಯ ಬಾಯಿಪಾಠ ಆಗಿದೆ.

ಕುಟುಂಬ ಕರೆಸುವವರು ಮಾಲ್, ಬುರ್ಜ್ ಖಲೀಫಾ ತೋರಿಸಿ, ಬೇಡ ಅನ್ನೋದಿಲ್ಲ. ಜೊತೆಗೆ ಇಂಥದ್ದಕ್ಕೂ ಒಂದು ದಿನ ಇಡಿ. ಅಬುಧಾಬಿಯಲ್ಲಿ ಇರುವವರಿಗೆ ಮೀನಾ ಕಡೆಯ ಇಂಡಿಯಾ ಸೋಶಿಯಲ್ ಸೆಂಟರ್ ಹತ್ತಿರವೇ ಇದೆ. ಕಾರ್ಯಕ್ರಮ ಯಾವಾಗ ಅಂತ ನಿಮ್ಮ ಊರಿನ ಸಂಘದವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹಾಲ್ ಒಳಗೆ ಎಸಿ ಜೋರು, ಮಗುವಿಗೆ ಸ್ವೆಟರ್ ಇರಲಿ. ಮೆಟ್ರೋದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ದೊಡ್ಡ ಮಕ್ಕಳಿಗೆ ನೋಲ್ ಕಾರ್ಡ್ ಬೇಕು. ಒಳಗೆ ತಿನ್ನೋದು, ಕುಡಿಯೋದು ಮಾಡಿದರೆ 100 ದಿರ್ಹಮ್ ದಂಡ, ಬಿಸ್ಕೆಟ್ ಸ್ಟೇಷನ್ ಹೊರಗೇ ಕೊಡಿ. ಕೊನೆಯ ಬಸ್ಸಿನ ಟೈಮ್ ನೋಡಿಕೊಂಡೇ ಹೊರಡಿ.