ಉಪ್ಪನ ಕಿವಿಗೆ ಪರೀಕ್ಷೆ

ಸಂಶೋಧನಾ ಸ್ಪರ್ಧೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಎಲ್ಲರಿಗೂ ನೆನಪಾಗುವುದು ಇಂಜಿನಿಯರಿಂಗ್ ಕಾಲೇಜು, ರೋಬೋಟು, ಡ್ರೋನು. ಬಿ.ಎಸ್ಸಿ., ಬಿ.ಎ., ಬಿ.ಕಾಂ. ಓದುವ ಮಕ್ಕಳು ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಅಂಥ ಕಾಗದ ಕಂಡರೂ ಮುಂದೆ ಹೋಗುತ್ತಾರೆ. ನನ್ನ ತಂಗಿ ಹಾಗೆ ಹೋಗಲಿಲ್ಲ, ಅದರ ಫೋಟೋ ತೆಗೆದು ನನಗೆ ಕಳಿಸಿದಳು. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ನಡೆಸುವ 'ಅನ್ವೇಷಣ್' ಎಂಬ ವಿದ್ಯಾರ್ಥಿ ಸಂಶೋಧನಾ ಸಮ್ಮೇಳನಕ್ಕೆ ಅವಳ ವಿಶ್ವವಿದ್ಯಾನಿಲಯದಲ್ಲಿ ಆಯ್ಕೆ ಇತ್ತು. ಇಲ್ಲಿ ಆಯ್ಕೆಯಾದವರು ವಲಯ ಮಟ್ಟಕ್ಕೆ, ಅಲ್ಲಿ ಗೆದ್ದವರು ರಾಷ್ಟ್ರಮಟ್ಟಕ್ಕೆ. ಕೃಷಿ, ಆರೋಗ್ಯ, ಮೂಲವಿಜ್ಞಾನ, ಸಮಾಜವಿಜ್ಞಾನ ಎಲ್ಲಕ್ಕೂ ಅದರಲ್ಲಿ ಜಾಗ ಇದೆ.

ಅವಳದು ಕೆಮಿಸ್ಟ್ರಿ, ಎರಡನೇ ವರ್ಷ. ಮೊದಲು ನೆಟ್‌ನಲ್ಲಿ ಹುಡುಕಿ ನ್ಯಾನೋ ಏನೋ ಒಂದು ವಿಷಯ ತಂದಳು. ಅದಕ್ಕೆ ಬೇಕಾದ ಉಪಕರಣ ಅವಳ ಕಾಲೇಜಿನಲ್ಲಿ ಇರಲಿಲ್ಲ, ಅರ್ಧ ವಿಷಯ ಅವಳಿಗೇ ಅರ್ಥವಾಗಿರಲಿಲ್ಲ. "ಅಂಗಡಿಯಲ್ಲಿ ದಿನಾ ಕಾಣುವುದನ್ನು ಬಿಟ್ಟು ಯಾಕೆ ದೂರ ಹೋಗುತ್ತೀ" ಎಂದೆ. ಅವಳಿಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ತಾನೇ ಬಂದು ಕೇಳಿದಳು: "ಉಪ್ಪ ಕೊಪ್ಪರ ಒಣಗಿದೆಯಾ ಅಂತ ಹೇಗೆ ಹೇಳುತ್ತಾರೆ?"

ಉಪ್ಪಳದ ಕಡೆ ನಮ್ಮದು ದಿನಸಿ ಅಂಗಡಿ, ಜೊತೆಗೆ ಕೊಪ್ಪರ ಖರೀದಿ. ಉಪ್ಪ ಎರಡು ಹೋಳುಗಳನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತಾರೆ, ಉಗುರು ಒತ್ತುತ್ತಾರೆ, ಮೂಸುತ್ತಾರೆ, ಸಂಶಯ ಬಂದರೆ ಮುರಿದು ನೋಡುತ್ತಾರೆ. ಆಮೇಲೆ "ಹಸಿ ಉಂಟು" ಎಂದರೆ ತೂಕದಲ್ಲಿ ಕಡಿತ. ನಲವತ್ತು ವರ್ಷದಿಂದ ಹೀಗೆಯೇ. ಯಾರೂ ಎದುರು ಮಾತಾಡಿದ್ದಿಲ್ಲ.

ಇದರ ಹಿಂದಿನ ಲೆಕ್ಕ ಸಣ್ಣದಲ್ಲ. ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರು ಇರುತ್ತದೆ. ಸರಿಯಾಗಿ ಒಣಗಿದ ಕೊಪ್ಪರದಲ್ಲಿ ಶೇ. 6ರ ಹತ್ತಿರ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ, ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಮಾಡುತ್ತದೆ. ಇನ್ನು ತೂಕ: ಶೇ. 10 ತೇವ ಇರುವ 100 ಕಿಲೋ ಕೊಪ್ಪರದಲ್ಲಿ ಒಣ ಪದಾರ್ಥ 90 ಕಿಲೋ. ಅದೇ ಮಾಲು ಶೇ. 6ಕ್ಕೆ ಇಳಿದರೆ 95.7 ಕಿಲೋ ಆಗುತ್ತದೆ. ಅಂದರೆ ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚೇ ನೀರಿಗೆ ದುಡ್ಡು ಕೊಟ್ಟ ಹಾಗೆ. ಹಾಗಾಗಿ ಕಡಿತ ಮಾಡುವುದು ಅನ್ಯಾಯವಲ್ಲ. ಎಷ್ಟು, ಯಾವಾಗ ಎಂಬುದೇ ಪ್ರಶ್ನೆ.

ಪಾಲಿಟೆಕ್ನಿಕ್‌ನಲ್ಲಿ ನಮಗೆ ಅಳತೆಯ ಲ್ಯಾಬ್ ಇತ್ತು. ಅಲ್ಲಿ ವರ್ನಿಯರ್ ಇದೆ, ಅದು ಸಂಖ್ಯೆ ಹೇಳುತ್ತದೆ. ಗೋ-ನೋಗೋ ಗೇಜ್ ಎಂದು ಇನ್ನೊಂದಿದೆ, ಅದು ಸಂಖ್ಯೆ ಹೇಳುವುದಿಲ್ಲ, ಪಾಸು ಅಥವಾ ಫೇಲು ಅಷ್ಟೆ. ಉಪ್ಪ ಎರಡನೇ ಜಾತಿಯ ಉಪಕರಣ ಎಂದೆ ತಂಗಿಗೆ. ಗೇಜನ್ನು ಕೆಲಸಕ್ಕೆ ಹಚ್ಚುವ ಮೊದಲು ಅದನ್ನೇ ಪರೀಕ್ಷೆ ಮಾಡಬೇಕು: ಗಡಿ ಎಲ್ಲಿದೆ, ಅದೇ ವಸ್ತುವನ್ನು ಎರಡು ಸಲ ಕೊಟ್ಟರೆ ಅದೇ ಉತ್ತರ ಬರುತ್ತದಾ. ಅವಳ ಸಂಶೋಧನೆ ಇದೇ ಆಯಿತು.

ವಿಧಾನ ಕಷ್ಟದ್ದಲ್ಲ. ಬೇರೆ ಬೇರೆ ಮಟ್ಟದಲ್ಲಿ ಒಣಗಿದ ಹೋಳುಗಳಿಗೆ ನಂಬರು ಹಾಕಿ, ಪಟ್ಟಿಯನ್ನು ಉಪ್ಪನಿಗೆ ತೋರಿಸದೆ, ಕಲಸಿ ಒಂದೊಂದೇ ಕೊಡುವುದು. ಒಂದು ದಿನ ಬಿಟ್ಟು ಅವೇ ಹೋಳುಗಳನ್ನು ಬೇರೆ ಕ್ರಮದಲ್ಲಿ ಮತ್ತೆ ಕೊಡುವುದು. ನಡುವೆ ತೇವ ಬದಲಾಗದಂತೆ ಗಾಳಿಯಾಡದ ಡಬ್ಬದಲ್ಲಿ ಇಟ್ಟಿದ್ದಳು. ಕೊನೆಗೆ ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಹೋದ ತೂಕದಿಂದ ತೇವದ ಪ್ರಮಾಣ ತೆಗೆಯುವುದು. ಎರಡನೇ ಸಲ ಕೊಡಬೇಕಾದ್ದರಿಂದ ಮುರಿಯಲು ಅನುಮತಿ ಇರಲಿಲ್ಲ. ಉಪ್ಪ ಇದಕ್ಕೆ ಬಹಳ ಗೊಣಗಿದರು. "ಮುರಿಯದೆ ಕೊಪ್ಪರ ನೋಡುವುದು ಅಂದರೆ ಬಾಯಿಗೆ ಹಾಕದೆ ಬಿರಿಯಾನಿ ನೋಡಿದ ಹಾಗೆ." ಆದರೂ ಕುಳಿತರು. ಅಂಗಡಿಗೆ ಬಂದ ಗಿರಾಕಿಗಳು ಸಕ್ಕರೆ ಮರೆತು ನೋಡುತ್ತಾ ನಿಂತರು.

ಚೆನ್ನಾಗಿ ಒಣಗಿದ್ದು, ಚೆನ್ನಾಗಿ ಹಸಿ ಇದ್ದದ್ದು, ಈ ಎರಡರಲ್ಲೂ ಉಪ್ಪನ ಕಿವಿ ಓವನ್‌ಗೆ ಸಮ. ನನಗೆ ಹೆಮ್ಮೆಯೇ ಆಯಿತು. ತೊಂದರೆ ನಡುವಿನ ಮಾಲಿನಲ್ಲಿ. ಅಲ್ಲಿ ಅದೇ ಹೋಳಿಗೆ ಮೊದಲ ಸಲ "ಆಗಬಹುದು", ಎರಡನೇ ಸಲ "ಹಸಿ". ತಪ್ಪಿದ ಉತ್ತರಗಳನ್ನು ಮಾತ್ರ ಬೇರೆ ತೆಗೆದು ನೋಡಿದಾಗ ಹೆಚ್ಚಿನವು ಒಂದೇ ಕಡೆಗೆ ವಾಲಿದ್ದವು. ಒಣಗಿದ್ದನ್ನು ಹಸಿ ಎಂದದ್ದೇ ಹೆಚ್ಚು.

ತಂಗಿ ಆ ಕಾಗದ ಹಿಡಿದು ಎರಡು ದಿನ ಯಾರಿಗೂ ತೋರಿಸಲಿಲ್ಲ. ಮೂರನೇ ದಿನ ಉಪ್ಪನೇ ಕೇಳಿದರು, "ಎಷ್ಟು ಮಾರ್ಕು ನನಗೆ?" ಅವಳು ಗ್ರಾಫು, ಗಡಿ ಎಂದೆಲ್ಲ ಸುತ್ತಿ ಹೇಳಿದಳು. ಉಪ್ಪ ನಡುವೆ ತಡೆದು ಒಂದೇ ಮಾತು ಕೇಳಿದರು: "ತಪ್ಪಿದ್ದು ಯಾರ ಕಡೆಗೆ?"

ನಾನು ಹೇಳಿದೆ, ಅಂಗಡಿಯ ಕಡೆಗೆ ಎಂದು.

ಅಳತೆಯ ವಿಷಯ ನಮ್ಮಲ್ಲಿ ಬರೀ ವ್ಯಾಪಾರದ ವಿಷಯ ಅಲ್ಲ. ತಾವು ತೆಗೆದುಕೊಳ್ಳುವಾಗ ಪೂರ್ತಿ ಅಳೆದು ಕೊಡುವಾಗ ಕಡಿಮೆ ಮಾಡುವವರ ಮಾತಿನಿಂದಲೇ ಸೂರಾ ಮುತಫ್ಫಿಫೀನ್ ಶುರುವಾಗುತ್ತದೆ. ಮದ್ರಸದಲ್ಲಿ ಓದಿದ ಎಲ್ಲ ಮಕ್ಕಳಿಗೂ ಗೊತ್ತು. ಉಪ್ಪ ತಿಳಿದು ಮಾಡಿದ್ದಲ್ಲ, ಅದು ನಮಗೂ ಗೊತ್ತು, ಅವರಿಗೂ ಗೊತ್ತು. ಆದರೂ ಅವರು ಅಸರ್ ನಮಾಝಿಗೆ ಹೋದವರು ಮಗ್ರಿಬ್ ಮುಗಿಸಿಯೇ ಬಂದರು. ರಾತ್ರಿ ಊಟಕ್ಕೆ ಕೂತಾಗ ಉಮ್ಮ, "ಇದನ್ನು ನಾಲ್ಕು ಜನರ ಮುಂದೆ ಪೋಸ್ಟರ್ ಹಾಕಿ ತೋರಿಸಬೇಕಾ, ಬೇರೆ ವಿಷಯ ಇರಲಿಲ್ಲವಾ" ಎಂದರು. ತಂಗಿಯ ಕಣ್ಣಲ್ಲಿ ನೀರು. ವಾಲಿದ ಸಂಗತಿಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹಾಕುತ್ತೇನೆ ಎಂದಳು. ಉಪ್ಪ ಅನ್ನ ಕಲಸುತ್ತಾ ಹೇಳಿದರು, "ಅದನ್ನು ಬಿಟ್ಟರೆ ನಿನ್ನ ಕಾಗದದಲ್ಲಿ ಉಳಿಯುವುದು ಏನು? ಹಾಕು. ಅಂಗಡಿಯ ಹೆಸರು ಬೇಡ."

ಪೋಸ್ಟರ್ ಇಂಗ್ಲಿಷಿನಲ್ಲಿ. ಮಾತಿನ ತಯಾರಿಯ ಟಿಪ್ಪಣಿ ಮಾತ್ರ ಕನ್ನಡ ಲಿಪಿಯಲ್ಲಿ ಬ್ಯಾರಿ, ನಡುನಡುವೆ ಮಲಯಾಳಂ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳ ತಲೆ ಹೀಗೆಯೇ ಓಡುವುದು, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ತೀರ್ಪುಗಾರರು ಮೊದಲು ಕೇಳಿದ್ದು, "ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಇದೆ, ಕೊಪ್ಪರದ ತೇವ ಅಳೆಯುವ ಮೀಟರನ್ನು ಅವರು ಹಿಂದೆಯೇ ಮಾಡಿದ್ದಾರೆ, ನೀನು ಹೊಸತು ಏನು ಮಾಡಿದೆ?" 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು, ನಮ್ಮೂರ ಬಸ್ಸು ಅದರ ಗೇಟಿನ ಮುಂದೆಯೇ ಹೋಗುತ್ತದೆ. ಪುಣ್ಯಕ್ಕೆ ತಂಗಿ ಅದರ ಬಗ್ಗೆ ಓದಿಕೊಂಡಿದ್ದಳು. "ಮೀಟರು ಕೊಪ್ಪರವನ್ನು ಅಳೆಯುತ್ತದೆ ಸರ್, ನಾನು ಅಳೆದದ್ದು ವ್ಯಾಪಾರಿಯನ್ನು. ಸಣ್ಣ ಅಂಗಡಿಗಳಲ್ಲಿ ಇವತ್ತಿಗೂ ಬೆಲೆ ನಿರ್ಧಾರ ಮಾಡುವುದು ಮೀಟರಲ್ಲ." ಎರಡನೇ ಪ್ರಶ್ನೆಗೆ ಅವಳಲ್ಲಿ ಉತ್ತರ ಇರಲಿಲ್ಲ: ಒಬ್ಬನೇ ವ್ಯಾಪಾರಿಯನ್ನು ನೋಡಿ ವ್ಯಾಪಾರಿಗಳ ಬಗ್ಗೆ ಹೇಗೆ ಹೇಳುತ್ತೀ? ಅದು ಸರಿಯಾದ ಪ್ರಶ್ನೆ. ಆ ಸಲ ವಲಯ ಮಟ್ಟಕ್ಕೆ ಹೋದದ್ದು ಬೇರೆಯವರು. ದೂರದ ರಾಜ್ಯಕ್ಕೆ ಹುಡುಗಿಯನ್ನು ಕಳಿಸುವುದು ಹೇಗೆ ಎಂದು ಆಗಲೇ ಚಿಂತೆ ಶುರು ಮಾಡಿದ್ದ ಉಮ್ಮ, ಅಲ್‌ಹಮ್ದುಲಿಲ್ಲಾಹ್ ಎಂದರು. ತಂಗಿ ಒಂದು ದಿನ ಅವರ ಹತ್ತಿರ ಮಾತು ಬಿಟ್ಟಳು.

ಅಂಗಡಿಯಲ್ಲಿ ಈಗ ನಡುವಿನ ಮಾಲಿಗೆ ಕಡಿತ ಇಲ್ಲ. ಸಂಶಯ ಬಂದರೆ ಲಾಭ ಮಾರುವವನಿಗೆ. ಮಳೆಗಾಲದಲ್ಲಿ ಇದರಿಂದ ನಷ್ಟವೂ ಆಗಿದೆ, ಒಂದು ಗೋಣಿ ಬೂಸ್ಟು ಹಿಡಿಯಿತು. ಮೀಟರು ತೆಗೆದುಕೊಳ್ಳೋಣ ಎಂದು ನಾನು ಹೇಳುತ್ತಿದ್ದೇನೆ, ಉಪ್ಪ ಬೆಲೆ ಕೇಳಿ ಸುಮ್ಮನಾಗಿದ್ದಾರೆ.

ಮುಂದಿನ ಆಯ್ಕೆಗೆ ತಂಗಿಗೆ ಕನಿಷ್ಠ ಐದು ವ್ಯಾಪಾರಿಗಳು ಬೇಕು. ಹುಡುಕುವ ಕೆಲಸ ಉಪ್ಪನೇ ವಹಿಸಿಕೊಂಡಿದ್ದಾರೆ. ಕುಂಬಳೆಯ ಒಬ್ಬರು, ಮಂಜೇಶ್ವರದ ಇಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು, ಇದು ತೆರಿಗೆಯವರ ಏನಾದರೂ ಉಪಾಯವಾ ಎಂದು ಕೇಳಿ ಫೋನ್ ಇಟ್ಟರು. ಅವರನ್ನು ಶುಕ್ರವಾರ ಜುಮಾ ಮುಗಿದ ಮೇಲೆ ಹಿಡಿಯುತ್ತೇನೆ ಎಂದು ಉಪ್ಪ ಹೇಳಿದ್ದಾರೆ.