ಸಿರಸಿಯ ತೋಟದ ಬಾಳೆಕಾಯಿ

ಸಿರಸಿಗೆ ಹೊರಟಾಗ ನಮ್ಮ ಚೀಲದಲ್ಲಿ ಬಟ್ಟೆಗಿಂತ ಬ್ರೆಡ್ಡು, ಔಷಧಿಯೇ ಹೆಚ್ಚಿತ್ತು. ನಗಬೇಡಿ. 19 ವರ್ಷದ ಮಗಳಿಗೆ ದೊಡ್ಡ ಕರುಳಿನಲ್ಲಿ ಹುಣ್ಣು. ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಅಂತಾರೆ. ಹೋದ ವರ್ಷ ರಕ್ತಭೇದಿಯಾಗಿ ಸೊರಗಿ ಕಡ್ಡಿಯಾಗಿದ್ದಳು. ಆಗಲೇ ನಾನೊಂದು ಎಡವಟ್ಟು ಮಾಡಿದೆ. ನಾರು ಹೊಟ್ಟೆಗೆ ಒಳ್ಳೇದು ಅಂತ ಯಾರೋ ಅಂದದ್ದಕ್ಕೆ ಹಸಿ ಬಾಳೆದಿಂಡಿನ ಕೋಸಂಬರಿ ಮಾಡಿಕೊಟ್ಟೆ. ಆ ರಾತ್ರಿ ಅವಳು ಹೊಟ್ಟೆ ಹಿಡಿದುಕೊಂಡು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ರೋಗ ಹತೋಟಿಗೆ ಬಂದು ಐದು ತಿಂಗಳಾಗಿದ್ದರೂ ತರಕಾರಿ ಕಂಡರೆ ತಟ್ಟೆ ಸರಿಸುತ್ತಿದ್ದಳು. ಗಂಜಿ, ಬ್ರೆಡ್ಡು, ಅಷ್ಟೇ.

ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಸಾಗರ, ಸಿದ್ದಾಪುರದ ಮೇಲೆ ಬಸ್ಸು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾವು ಹೋದದ್ದು ಜಾತ್ರೆಯಿಲ್ಲದ ದಿನಗಳಲ್ಲಾದ್ದರಿಂದ ನೂಕುನುಗ್ಗಲಿಲ್ಲದೆ ದರ್ಶನವಾಯಿತು.

ಊರಾಚೆ ನಮ್ಮ ಯಜಮಾನರ ಸೋದರತ್ತೆಯ ಮನೆ. ಅಂಗಳ ಇಳಿದರೆ ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಬಾಳೆ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ತಣ್ಣಗೆ! ಮಧ್ಯಾಹ್ನ ಎಲೆ ತುಂಬ ದಿಂಡಿನ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಹುಳಿ. ಮಗಳು ಅನ್ನ ಕಲಸುತ್ತಲೇ ಕೂತಳು.

"ಎಂತಾತೇ ಕೂಸೇ, ರುಚಿ ಆಜಿಲ್ಯಾ?" ಅತ್ತೆಯ ಮುಖ ಬಾಡಿತು.

ಒಳಗೆ ಕರೆದು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ರೋಗ ಕೆರಳಿದಾಗ ಒರಟು ನಾರು ಬೇಡ. ತಣ್ಣಗಿದ್ದಾಗ ಮೆತ್ತಗೆ ಬೇಯಿಸಿದ್ದನ್ನು ಒಂದೆರಡು ಚಮಚದಿಂದ ಶುರುಮಾಡಿ. ಕೆಲವು ಬಗೆಯ ನಾರು ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ. ಇಂಥದಕ್ಕೆ 1995ರಿಂದ ಪ್ರಿಬಯಾಟಿಕ್ ಎಂಬ ಹೆಸರಿದೆ. ಅವು ಅದನ್ನು ತಿಂದು ಬ್ಯುಟಿರೇಟ್ ಎಂಬುದನ್ನು ಮಾಡುತ್ತವೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಆಹಾರ. ಆದರೆ ಮಾತ್ರೆ ಬಿಡುವಂತಿಲ್ಲ. ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಕಿರಿದಾಗಿದ್ದವರಿಗಂತೂ ದಿಂಡಿನ ನಾರು ಅಡ್ಡಗಟ್ಟಿ ಅಪಾಯವಾದೀತು.

ಅತ್ತೆ ವಾದಿಸಲಿಲ್ಲ. ಕತ್ತಿ ಹಿಡಿದು ತೋಟಕ್ಕೆ ಹೋದವರು ಎರಡು ಎಳೆ ಬಾಳೆಕಾಯಿ ತಂದರು. ಸಿಪ್ಪೆ ಪೂರ್ತಿ ಹೆರೆದು, ಉಪ್ಪು ಹಾಕಿ ಬೆಣ್ಣೆಯ ಹಾಗೆ ಬೇಯಿಸಿ, ಆರಿಸಿ ಹಿಸುಕಿದರು. ಜೀರಿಗೆ, ಒಂದು ಚಮಚ ಕಾಯಿತುರಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ತುಪ್ಪದ ಒಗ್ಗರಣೆ ಕೊಟ್ಟರು. ಮೆಣಸಿನಕಾಯಿ ಇಲ್ಲ. (ಬಾಳೆಕಾಯಿಯಲ್ಲಿ ಜೀರ್ಣವಾಗದೆ ದೊಡ್ಡ ಕರುಳು ಮುಟ್ಟುವ ಪಿಷ್ಟವಿದೆ. ಬೇಯಿಸಿದರೆ ಕಡಿಮೆಯಾಗುತ್ತದೆ, ಆರಿದಾಗ ಕೊಂಚ ಮರಳುತ್ತದೆ. ನಿಮ್ಮ ಮನೆಯಲ್ಲಿ ಮಜ್ಜಿಗೆ ಒಗ್ಗದವರಿದ್ದರೆ ತೆಳು ಬೇಳೆಕಟ್ಟಿನಲ್ಲಿ ಮಾಡಿ.)

ರಾತ್ರಿ ಮಗಳು ಎರಡು ಚಮಚ ತಿಂದಳು. ನನಗೆ ನಿದ್ದೆಯಿಲ್ಲ, ಅವಳು ಮಗ್ಗುಲಾದಾಗಲೆಲ್ಲ ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ! ಓಡಿಬಂದೆ. ಅವಳು ಅತ್ತೆಯ ಜೊತೆ ತೋಟದಲ್ಲಿ ನಿಂತು ಯಾವ ಗೊನೆ ಕಡಿಯೋಣ ಅಂತ ಕೇಳುತ್ತಿದ್ದಳು.

ದಿಂಡಿನ ಪಲ್ಯವನ್ನು ಈಗಲೂ ಮುಟ್ಟುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಆದರೆ ಹೊರಡುವ ದಿನ ಚೀಲದಲ್ಲಿ ಆರು ಬಾಳೆಕಾಯಿ ಇದ್ದವು. ಉಳಿದ ಬ್ರೆಡ್ಡು ಕೊಟ್ಟಿಗೆಯ ಕರುವಿನ ಪಾಲಾಯಿತು.